ಮೂರನೆಯ ಪರದೆ

ಲ್ಯಾಮಿಂಗ್ಟನ್ ರೋಡಿನ ಅಂಗಡಿಯ ಛೇಡಾ
ಕ್ಯಾಲ್ಕ್ಯುಲೇಟರಿನಲ್ಲಿ ಬೆಲೆ ಒತ್ತಿ ನನ್ನ ಕಡೆ ತಿರುಗಿಸಿದ.
ನಾನು ಬೇರೆ ಬೆಲೆ ಒತ್ತಿ ಅವನ ಕಡೆ ತಿರುಗಿಸಿದೆ.
ಹೀಗೆ ಮಾತಿಲ್ಲದೆ ಮೂರು ಸಲ.
ಕೊನೆಗೆ ಸಾಬೂನು ಡಬ್ಬಿಯಷ್ಟು ಬೂದು ಪೆಟ್ಟಿಗೆಯೊಂದು
ದಾದರಿನಲ್ಲಿ ಗಾಡಿ ಬದಲಿಸಿ
ಮುಲುಂಡಿನವರೆಗೆ ನನ್ನ ಜೊತೆ ನಿಂತೇ ಬಂತು.

ಏನದು, ಎಂದರು ಮಾವ ಐತಪ್ಪನವರು.
ಡಾಕ್, ಎಂದೆ.
ಮುಂಬಯಿ ಗೋದಿಯಲ್ಲಿ ನಿಂತು
ಮೂವತ್ತೊಂಬತ್ತು ವರ್ಷ ಗೋದಿ ಮೂಟೆ ಎಣಿಸಿದ ಮನುಷ್ಯ,
ನಕ್ಕು ನಕ್ಕು ಕೆಮ್ಮು ಬಂತು.
‘ಇಷ್ಟರಲ್ಲಿ ಹಡಗು ಎಲ್ಲಿ ಕಟ್ಟುತ್ತಿ?’

ಹಡಗಲ್ಲ, ಎರಡು ಮಾನಿಟರು.
ಅಂಧೇರಿಯಲ್ಲಿ ಬಾಗಿಲು ಹಾಕಿದ ಯಾವುದೋ ಆಫೀಸಿನವು;
ಒಂದರ ಬೆನ್ನಿಗೆ ಇನ್ನೂ ಚೀಟಿ: ಅಕೌಂಟ್ಸ್, ಏಳನೇ ಟೇಬಲ್.
ಮಡಚುವ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಅದು.
ಇನ್ನೊಂದಕ್ಕೆ ಜಾಗ ಸಾಲದೆ
ಅಕ್ಕಿ ಡ್ರಮ್ಮಿನ ಮೇಲೆ ಕೂರಿಸಿದೆ.
ಎಲ್ಲ ತಂತಿ ಡಬ್ಬಿಗೆ,
ಡಬ್ಬಿಯಿಂದ ಒಂದೇ ತಂತಿ.

ಮೇಜಿನದು ಬೆಳಗಿತು.
ಡ್ರಮ್ಮಿನದೂ ಬೆಳಗಿತು, ಆದರೆ
ಮೇಜಿನದು ಹೇಳಿದ್ದನ್ನೇ ಹೇಳಿತು,
ಅಮ್ಮನೆದುರು ನನ್ನ ಗಂಡನ ಹಾಗೆ.
ನಕಲು ಬೇಡ, ನಿನ್ನದೇ ತೋರಿಸು ಎಂದು ಒತ್ತಿದರೆ
ಮುನಿಸಿಕೊಂಡು ಕಪ್ಪಾಯಿತು.
ಕಿತ್ತೆ, ಚುಚ್ಚಿದೆ, ತುದಿಗೆ ಊದಿದೆ.
ಡಬ್ಬಿ ಮಾತ್ರ ಕಾವಲಿಯ ಹಾಗೆ ಕಾಯುತ್ತ ಹೋಯಿತು.

ಮಾವ ಕನ್ನಡಕ ಒರೆಸಿದರು.
‘ಉಬ್ಬರ ಇರುವಷ್ಟು ಹೊತ್ತೇ ಗೇಟು ತೆಗೆಯುವುದು, ಮಗಾ.
ನೀರೆಷ್ಟೋ ಅಷ್ಟೇ ಹಡಗು.
ದೊಡ್ಡದರ ಸರಕನ್ನು ಹೊರಗೇ ಸ್ವಲ್ಪ ಇಳಿಸು,
ಹಗುರಾದರೆ ಒಳಗೆ ಬಂದೀತು.’
ನಂಬಿಕೆಯೇನೂ ಬರಲಿಲ್ಲ. ಆದರೂ
ಅದರ ವೇಗವನ್ನು ಅರವತ್ತರಿಂದ ಮೂವತ್ತಕ್ಕೆ ಇಳಿಸಿದೆ.
ಒಂದು ಉಸಿರಿನಷ್ಟು ಕತ್ತಲೆ,
ಆಮೇಲೆ ಅಕ್ಕಿಯ ಮೇಲೆ
ಯಾರೂ ಮುಟ್ಟದ ಒಂದು ಖಾಲಿ ನೀಲಿ.

ನನ್ನ ಕೆಲಸ ಆಸ್ಪತ್ರೆ ವಿಮೆಯ ಅರ್ಜಿ ಓದುವುದು.
ಇಷ್ಟು ದಿನ ಒಂದೇ ಪರದೆ.
ಬಿಲ್ಲು ತೆರೆದರೆ ಮನುಷ್ಯರು ಮುಚ್ಚಿಹೋಗುತ್ತಿದ್ದರು,
ನಿಯಮ ತೆರೆದರೆ ಬಿಲ್ಲೂ.
ನಾಲ್ಕನೇ ಪುಟದ ಉಪನಿಯಮ ಓದುವಾಗ
ಯಾರ ಮೇಲೆ ಓದುತ್ತಿದ್ದೇನೆ ಎಂಬುದು ಮರೆತಿರುತ್ತಿತ್ತು.
ಅದೂ ಒಂದು ಥರದ ದಯೆಯೇ,
ನನ್ನ ಮಟ್ಟಿಗೆ.

ಈಗ ಎಡಕ್ಕೆ ಬಿಲ್ಲು,
ಕೈಗವಸಿಗೊಂದು ಸಾಲು, ಹತ್ತಿಗೊಂದು ಸಾಲು.
ಬಲಕ್ಕೆ, ಡ್ರಮ್ಮಿನ ಮೇಲೆ, ತಿರಸ್ಕರಿಸಲು ಇರುವ ಕಾರಣಗಳು,
ಅರ್ಧ ವೇಗದಲ್ಲಿ.
ನಡುವೆ ಶಕುಂತಲಾ ಭೋಯಿರ್, ಐವತ್ತೆಂಟು, ಕಳ್ವಾ:
ಮುರಿದ ಮಣಿಕಟ್ಟಿನ ಎಕ್ಸ್‌ರೇ,
ಬಳೆ ಬಿಚ್ಚಲಾಗದೆ ಬಳೆಯ ಸಮೇತ ತೆಗೆದದ್ದು.
ಬಿಲ್ಲಿನಿಂದ ಕಾರಣಕ್ಕೆ ಬಾಣ ಹೋಗಬೇಕಾದರೆ
ಆ ಬಳೆಯನ್ನು ದಾಟಿಯೇ ಹೋಗಬೇಕು.
ಬೇರೆ ದಾರಿ ಇಲ್ಲ, ನೋಡಿದೆ.

ಮ್ಯಾನೇಜರಿಗೆ ಸಂತೋಷ.
ಮೂರು ಪರದೆ ಅಂದರೆ ದಿನಕ್ಕೆ ನಲವತ್ತರ ಬದಲು
ಅರವತ್ತು ಅರ್ಜಿ ಆದೀತಲ್ಲ, ಎಂದರು.
ಅವತ್ತು ಇಪ್ಪತ್ತೊಂದು ಆಯಿತು.

‘ಹರಿದ ಮೂಟೆಯನ್ನು ಏನು ಮಾಡುತ್ತಿದ್ದಿರಿ, ಮಾವ?’
‘ಏನು ಮಾಡುವುದು? ಹರಿದದ್ದು ಅಂತ ಪಕ್ಕದಲ್ಲಿ ಬರೆದು
ಎಣಿಸುವುದು. ಬಂದದ್ದು ಬಂದದ್ದೇ.’

ಎಂಟು ಗಂಟೆ. ಅನ್ನಕ್ಕೆ ಇಡಬೇಕು.
ಆ ಒಂದು ತಂತಿ ಕಿತ್ತೆ.
ದೂರ ದೂರ ಕೂತಿದ್ದವರೆಲ್ಲ
ಬದಲಾಪುರದ ಲೋಕಲ್ಲಿಗೆ ನುಗ್ಗಿದ ಹಾಗೆ
ಲ್ಯಾಪ್‌ಟಾಪಿನ ಚಿಕ್ಕ ಪರದೆಯೊಳಗೆ ಒಬ್ಬರ ಮೇಲೊಬ್ಬರು.
ಎಲ್ಲಕ್ಕಿಂತ ಮೇಲೆ ಬಳೆ.

ಮಾನಿಟರನ್ನು ಮಂಚದ ಮೇಲೆ ಮಲಗಿಸಿ
ಡ್ರಮ್ಮಿನ ಮುಚ್ಚಳ ತೆಗೆದು ಅಳೆದೆ,
ಒಂದು ಪಾವು, ಎರಡು,
ಮೂರನೆಯದು ಕೈ ತಪ್ಪಿ ಅರ್ಧ ನೆಲಕ್ಕೆ.
ಒಳಗಿನ ಕೋಣೆಯಿಂದ ಮಾವ, ನೋಡದೆಯೇ:
‘ಚೆಲ್ಲಿದ್ದನ್ನೂ ಸೇರಿಸು.’